ಗುಡ್ಡದ ಹಾಳು ಗುಡಿ, ಕಾಡಿನ ಹಳೇ ಅಡಿಪಾಯ: ಹುಡುಕುವುದು, ಓದುವುದು, ದಾಖಲಿಸುವುದು ಹೇಗೆ

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ನಡುವಿನ ಗುಡ್ಡಗಳಲ್ಲಿ ಕಾಲುದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಾಕು, ಕವಳಿ ಕಂಟಿಯ ಬುಡದಲ್ಲಿ ಕೆತ್ತಿದ ಕಲ್ಲೊಂದು ಮುಖ ತೋರಿಸುತ್ತದೆ. ಖಾನಾಪುರದ ಕಾಡಿನಲ್ಲಿ ಪಾಚಿಗಟ್ಟಿದ ಜಂಬಿಟ್ಟಿಗೆಯ ಪಾವಟಿಗೆಗಳು ಮನೆಯೇ ಇಲ್ಲದ ಜಾಗಕ್ಕೆ ಹತ್ತುತ್ತವೆ. ವಿಜಯಪುರದ ಪಶ್ಚಿಮಕ್ಕೆ ತೊರವಿ ಬಳಿ ನವರಸಪುರದ ಗೋಡೆಗಳು ಹೊಲಗಳ ನಡುವೆ ನಿಂತಿವೆ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಲು ಹಿಡಿದ ಆ ನಗರ 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿದ ಮೇಲೆ ಮತ್ತೆ ತಲೆ ಎತ್ತಲಿಲ್ಲ.

ಇಂಥವನ್ನು ನೋಡಹೋಗುವವರಿಗೆ ಒಂದು ಮಾತು ಮೊದಲೇ. ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಪಕ್ಕದಲ್ಲಿ ಏನಿದೆ ಎಂಬುದರಲ್ಲೇ ಅದರ ಅರ್ಧ ವಿಷಯ ಅಡಗಿರುತ್ತದೆ. ಕಾಡಿನಿಂದ ಹೊತ್ತು ತಂದು ಊರ ಗುಡಿ ಕಟ್ಟೆಗೆ ನಿಲ್ಲಿಸಿದ ವೀರಗಲ್ಲಿಗೆ ಪೂಜೆ ಸಿಗಬಹುದು, ಆದರೆ ಅದು ಯಾವ ಹಾಳೂರಿನ ಅಗಸಿ ಮುಂದೆ ನಿಂತಿತ್ತು ಎಂಬುದು ಅಲ್ಲಿಗೇ ಮುಗಿಯಿತು. ಆದ್ದರಿಂದ ಇಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಒಂದೇ ಕಟ್ಟಳೆಯ ಮೇಲೆ ನಿಂತಿದೆ: ಎತ್ತಬೇಡಿ, ಅಗೆಯಬೇಡಿ, ಹೊರಳಿಸಬೇಡಿ. ಇದ್ದಲ್ಲೇ ಓದಿ, ಬರೆದುಕೊಳ್ಳಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕಾಶೆ ಇಳಿಸಿಕೊಳ್ಳಿ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಹಳೇ ಕೋಟೆ, ಗುಡಿ, ಬಾವಿ, ಕಾಲುದಾರಿ ಎಲ್ಲಕ್ಕೂ ಅದರಲ್ಲಿ ಗುರುತುಗಳಿವೆ. ಸುತ್ತ ಊರೇ ಇಲ್ಲದ ಕಡೆ ಬಾವಿಯೊಂದು, ಕೆರೆ ಏರಿಯೊಂದು ಕಂಡರೆ ಅಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ನೀರಿದ್ದಲ್ಲಿ ಜನ ಇದ್ದರು.

ಆಮೇಲೆ ಉಪಗ್ರಹ ಚಿತ್ರ. ಒಂದೇ ಜಾಗದ ಡಿಸೆಂಬರ್ ಚಿತ್ರವನ್ನೂ ಮೇ ತಿಂಗಳ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲೆ ಉದುರಿದಾಗ ಗೋಡೆಯ ಸಾಲು ಕಾಣುತ್ತದೆ; ಮಳೆಗಾಲ ಮುಗಿದ ಹೊಸತರಲ್ಲಿ ಹುಲ್ಲಿನ ಬಣ್ಣ ಕಾಣುತ್ತದೆ.

ಕರ್ನಾಟಕದ ದಿಶಾಂಕ್ ಆ್ಯಪ್ ಫೋನಿನಲ್ಲಿರಲಿ. ನೀವು ನಿಂತ ನೆಲದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ರೈತರ ಪಟ್ಟಾ ಜಮೀನೋ ಅರಣ್ಯದ ನೆಲವೋ ಎಂದು ಮೊದಲೇ ತಿಳಿದುಕೊಂಡರೆ ಯಾರ ಅಪ್ಪಣೆ ಕೇಳಬೇಕೆಂಬುದು ಗೊತ್ತಾಗುತ್ತದೆ. ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಎಂದು ಬರೆದ ಗ್ರಾಮಗಳನ್ನೂ ಹುಡುಕಿ. ಹೆಸರಿದೆ, ಗಡಿ ಇದೆ, ಮನೆಗಳಿಲ್ಲ ಎಂದು ಅದರ ಅರ್ಥ. ಹಾಳೂರು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಇಲ್ಲ.

ಶಾಸನ ಸಿಗಬಹುದೆನ್ನುವ ಆಸೆ ಇದ್ದರೆ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿ ಆ ಊರಿನ ಹೆಸರು ಇದೆಯೇ ನೋಡಿ. ಹಳೇ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಶಾಸನಗಳು ಅವುಗಳಲ್ಲಿವೆ. ‘ಹೊಸ ಶಾಸನ ಪತ್ತೆ’ ಎಂದು ಸುದ್ದಿಯಾದವುಗಳಲ್ಲಿ ಕೆಲವು ಅಚ್ಚಾಗಿ ಹತ್ತಾರು ವರ್ಷ ಆಗಿರುತ್ತವೆ.

ಅನುಮತಿಯ ವಿಷಯದಲ್ಲಿ ಸಡಿಲ ಬಿಡಬೇಡಿ. ಮೀಸಲು ಅರಣ್ಯಕ್ಕೂ ವನ್ಯಜೀವಿ ಧಾಮಕ್ಕೂ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಹೋಗುವವರ ಹೆಸರು, ದಿನ, ದಾರಿ, ವಾಹನದ ನಂಬರು ಬರೆಯಿರಿ. ಖಾನಾಪುರ ತಾಲ್ಲೂಕಿನ ಭೀಮಗಡ ಕೋಟೆ ಇರುವುದು 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮದ ಒಳಗೆ. ಅಲ್ಲಿ ಅಪ್ಪಣೆ ಇಲ್ಲದೆ ಕಾಲಿಟ್ಟರೆ ಅಪರಾಧ. ಅಲ್ಲಿನ ಬಾರಾಪೇಡೆ ಗುಹೆಗಳು ವ್ರೌಟನ್ ಬಾವಲಿಗಳ ನೆಲೆ. ಅವಕ್ಕೆ ತೊಂದರೆಯಾಗಬಾರದು, ಅನುಮತಿ ಸಿಕ್ಕ ದಿನವೂ ಗುಹೆಯೊಳಗೆ ಇಣುಕಬೇಡಿ.

ಯಾವಾಗ ಹೋಗಬೇಕು? ದೀಪಾವಳಿಯಿಂದ ಶಿವರಾತ್ರಿವರೆಗೆ. ಬೇಸಿಗೆಯಲ್ಲಿ ಬಾದಾಮಿಯ ಮರಳುಗಲ್ಲು ಹೆಂಚಿನಂತೆ ಕಾಯುತ್ತದೆ. ಮಳೆಗಾಲದಲ್ಲಿ ಖಾನಾಪುರದ ಹಳ್ಳಗಳು ಒಂದು ಗಂಟೆಯಲ್ಲಿ ದಾರಿ ಕಟ್ಟಿಬಿಡುತ್ತವೆ.

ಊರವರನ್ನು ಕೇಳುವ ರೀತಿ

ನಕಾಶೆಗಿಂತ ಹೆಚ್ಚು ಗೊತ್ತಿರುವುದು ಕುರಿ ಕಾಯುವವರಿಗೆ. ಆದರೆ ‘ಇಲ್ಲಿ ಪುರಾತತ್ತ್ವ ಅವಶೇಷಗಳಿವೆಯೇ’ ಎಂದು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ‘ಅಜ್ಜಾರ, ಈ ಗುಡ್ಡದಾಗ ಹಾಳ ಗುಡಿ ಏನರ ಅದಾವೇನ್ರಿ? ಅಕ್ಷರ ಬರದ ಕಲ್ಲ ಎಲ್ಲೆರ ಕಂಡೀರೇನ್ರಿ?’ ಎಂದು ಕೇಳಿ. ಊರಿನ ಮಾತಿನಲ್ಲೇ ಸುಳಿವುಗಳಿವೆ. ಐಹೊಳೆಯ ಮೇಗುತಿ ಗುಡ್ಡದ ಮೇಲಿನ ಬೃಹತ್ ಶಿಲಾ ಸಮಾಧಿಗಳಿಗೆ ಜನ ‘ಮೋರೇರ ಅಂಗಡಿ’ ಎನ್ನುತ್ತಾರೆ. ಬಂಡೆಯ ಚಾಚಿನ ಕೆಳಗಿನ ಆಸರೆಗೆ ‘ಪಡಿ’ ಎನ್ನುತ್ತಾರೆ. ಬಾದಾಮಿಯಿಂದ ಸುಮಾರು 4 ಕಿಲೋಮೀಟರ್ ಕುರುಚಲು ಕಾಡಿನಲ್ಲಿರುವ ಸಿಡಿಲಪಡಿಯಲ್ಲಿ ಆದಿಮಾನವರ ಚಿತ್ರಗಳಿವೆ. ‘ಹುಡೇವು’ ಎಂದರೆ ಕಾವಲಿನ ಗೋಪುರ, ‘ವಾಡೆ’ ಎಂದರೆ ದೇಸಾಯರ ದೊಡ್ಡ ಮನೆ. ‘ಹಾಳಮಣ್ಣು’ ಎಲ್ಲಿಂದ ಹೇರಿಕೊಂಡು ಬರುತ್ತಿದ್ದಿರಿ ಎಂದು ಹಳೇ ರೈತರನ್ನು ಕೇಳಿ. ಹೊಲಕ್ಕೆ ಗೊಬ್ಬರವಾಗಿ ಹಾಕಿದ ಆ ಬೂದಿಬಣ್ಣದ ಮಣ್ಣು ಬಂದದ್ದು ಹಳೇ ಊರಿನ ದಿಬ್ಬದಿಂದ.

ಜನ ಮೊದಲು ಅನುಮಾನ ಪಡುವುದು ನಿಧಿಗಳ್ಳರೆಂದು. ಅದಕ್ಕೆ ಕಾರಣವಿದೆ: ನಿಧಿಯಾಸೆಗೆ ಲಿಂಗ ಕಿತ್ತು, ಗರ್ಭಗುಡಿ ಅಗೆದ ಗುಡಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಹಾರೆ, ಗುದ್ದಲಿ, ಲೋಹ ಪತ್ತೆ ಯಂತ್ರ ಗಾಡಿಯಲ್ಲೂ ಇರಬಾರದು. ಪಂಚಾಯಿತಿಯಲ್ಲೂ ಆ ಭಾಗದ ಅರಣ್ಯ ಕಾಯುವ ಬೀಟ್ ಗಾರ್ಡ್ ಬಳಿಯೂ ಮುಂಚೆಯೇ ಹೇಳಿ, ಆ ಊರಿನವರೊಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ.

ಚೀಲದಲ್ಲಿ ಏನಿರಬೇಕು

ನೀರು ತಲೆಗೆ 3 ಲೀಟರ್, ಓಆರ್‌ಎಸ್ ಪೊಟ್ಟಣ 4, ಎರಡು ಟಾರ್ಚು. 30 ಮೀಟರಿನ ಟೇಪು, 5 ಮೀಟರಿನ ಸಣ್ಣ ಟೇಪು, ದಿಕ್ಸೂಚಿ, ಗ್ರಾಫ್ ಹಾಳೆ, ಪೆನ್ಸಿಲ್ಲು (ಬೆವರು ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ), ಕಪ್ಪು-ಬಿಳುಪು ಪಟ್ಟೆ ಬಳಿದ 10 ಸೆಂಟಿಮೀಟರಿನ ಅಳತೆಪಟ್ಟಿ. 12 ಮೀಟರಿನ ಹಗ್ಗ. ಅದರ ಕೆಲಸ ಮುಂದೆ ಬರುತ್ತದೆ. ಪಾದ ಮುಚ್ಚುವ ಬೂಟು, ದಪ್ಪ ಪ್ಯಾಂಟು, ಐದಡಿ ಕೋಲು. ಕನಿಷ್ಠ ಮೂವರು ಹೋಗಿ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬೇಕು, ಇನ್ನೊಬ್ಬರು ಸಿಗ್ನಲ್ ಸಿಗುವಲ್ಲಿಗೆ ಓಡಬೇಕು.

ಕಟ್ಟಿದ್ದೋ, ತಾನಾಗಿ ಆದದ್ದೋ?

ಹೊಸಬರು ಹೆಚ್ಚು ಎಡವುವುದು ಇಲ್ಲೇ. ಬಾದಾಮಿ ಸೀಮೆಯ ಮರಳುಗಲ್ಲು ನೆಟ್ಟಗೆ, ಚೌಕಚೌಕವಾಗಿ ಸೀಳುತ್ತದೆ. ಗುಡ್ಡದ ಅಂಚಿನಲ್ಲಿ ಯಾರೋ ಗೋಡೆ ಕಟ್ಟಿದಂತೆಯೇ ಕಾಣುತ್ತದೆ. ಮೂರು ಪರೀಕ್ಷೆ ಮಾಡಿ. ಸಂದು ಕೆಳಗಿನ ಮೂಲ ಬಂಡೆಯೊಳಗೂ ಹಾಗೇ ಮುಂದುವರಿದಿದ್ದರೆ ಅದು ಬಿರುಕು, ಗೋಡೆಯಲ್ಲ. ಕಟ್ಟಿದ ಗೋಡೆಯಲ್ಲಿ ಒಂದು ವರಸೆಯ (ಕಲ್ಲಿನ ಸಾಲಿನ) ಸಂದಿನ ಮೇಲೆ ಮುಂದಿನ ವರಸೆಯ ಕಲ್ಲಿನ ನಡುಭಾಗ ಬರುತ್ತದೆ. ಉಳಿಯ ಗೀರು ಓರೆಯಾಗಿ, ಸಮಾನಾಂತರವಾಗಿ ಕಾಣಬೇಕು.

ಕಲ್ಲಿನ ಅಂಚಿನಲ್ಲಿ ಸಾಲಾಗಿ ಉದ್ದುದ್ದ ಚೌಕ ಕುಳಿಗಳಿದ್ದರೆ, ಅದು ಬೆಣೆ ಹೊಡೆದು ಸೀಳಿದ ಹಳೇ ಪದ್ಧತಿ. ಅಂಥ ಸಾಲು ಬಂಡೆಯ ಮೇಲೆ ಅರ್ಧಕ್ಕೇ ನಿಂತಿದ್ದರೆ ನೀವು ನಿಂತಿರುವುದು ಹಳೇ ಕಲ್ಲುಗಣಿಯಲ್ಲಿ; ಸುತ್ತ ಸರಿಯಾಗಿ ನೋಡಿ. ಪಟ್ಟದಕಲ್ಲಿಗೆ ಕಲ್ಲು ಕೊಟ್ಟ ಗಣಿಯ ಬಂಡೆಗಳ ಮೇಲೆ ಕಲ್ಲುಕುಟಿಗರು ತಮ್ಮ ಹೆಸರು, ಗೀಚು ಚಿತ್ರ ಬಿಟ್ಟುಹೋಗಿದ್ದಾರೆ. ಕುಳಿ ಗುಂಡಗೆ, ಕೊಳವೆ ಸೀಳಿದಂತೆ ಇದ್ದರೆ ಅದು ಡ್ರಿಲ್ ಯಂತ್ರದ್ದು, ಈಚಿನದು.

ಮೋಸ ಮಾಡುವ ಇನ್ನೂ ಕೆಲವು ಇವೆ. ಅರಣ್ಯ ಇಲಾಖೆಯವರು ಹಳ್ಳಕ್ಕೆ ಅಡ್ಡ ಪೇರಿಸಿದ ಕಲ್ಲಿನ ತಡೆ, ದನ ಬಾರದಂತೆ ತೋಡಿದ ಕಂದಕ, ಹೊಲದ ಒಡ್ಡು, ಕುರಿದೊಡ್ಡಿ. ಪೇರಿಸಿದ ಕಲ್ಲುಗಳ ಒಳಮುಖದಲ್ಲಿ ಕಲ್ಲುಹೂವು ಬೆಳೆದಿದ್ದರೆ ಆ ಕಲ್ಲುಗಳನ್ನು ಬೇರೆಡೆಯಿಂದ ಈಚೆಗೆ ಆಯ್ದು ತಂದಿದ್ದಾರೆ ಎಂದೇ ತಿಳಿಯಿರಿ. ಖಾನಾಪುರದಲ್ಲಿ ನೆಟ್ಟನೆ ಗೋಡೆಯ, ನೀರು ನಿಂತ ಚೌಕ ಹೊಂಡ ಕಂಡೊಡನೆ ಪುಷ್ಕರಣಿ ಎನ್ನಬೇಡಿ. ಜಂಬಿಟ್ಟಿಗೆ ಕಡಿದ ಗುಂಡಿಯೂ ಹಾಗೇ ಇರುತ್ತದೆ. ಪಾವಟಿಗೆ, ದೇವಕೋಷ್ಠ (ಗೋಡೆಯಲ್ಲಿ ದೇವರನ್ನು ಕೂರಿಸುವ ಗೂಡು), ಮೇಲಂಚಿನ ಕಟ್ಟೆ ಇವೆಯೇ ನೋಡಿ.

ಕಟ್ಟಡದ ಕಾಲ ತಿಳಿಯಲು ಗಾರೆ ನೆರವಾಗುತ್ತದೆ. ಬಾದಾಮಿ ಚಾಲುಕ್ಯರ ಗುಡಿಗಳಲ್ಲಿ ದೊಡ್ಡ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ, ನಡುವೆ ಸುಣ್ಣ ಇಲ್ಲ. ಆದಿಲ್‌ಶಾಹಿ ಗೋಡೆಗಳಲ್ಲಿ ಕರಿಕಲ್ಲಿನ ನಡುವೆ ಸುಣ್ಣದ ಗಾರೆ ಧಾರಾಳ. ಮಂಗಳೂರು ಹಂಚಿನ ಚೂರು ಬಿದ್ದಿದ್ದರೆ ಆ ಮಾಡು 19ನೇ ಶತಮಾನದ ಕೊನೆಯ ಭಾಗಕ್ಕಿಂತ ಹಳೆಯದಿರಲಾರದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಹಾಗೆಂದು ಅಡಿಪಾಯವೂ ಅಷ್ಟೇ ಹೊಸದೆಂದು ತೀರ್ಮಾನಿಸಬೇಡಿ. ಹಳೇ ಪಾಯದ ಮೇಲೆ ಹೊಸ ಮಾಡು ಹಾಕುವುದು ಎಲ್ಲ ಕಾಲದಲ್ಲೂ ನಡೆದಿದೆ.

ಹುಲ್ಲನ್ನು ಓದುವುದೂ ಕಲಿಯಬೇಕು. ಮಣ್ಣಿನಡಿ ಗೋಡೆ ಇದ್ದಲ್ಲಿ ಬೇರಿಗೆ ಆಳವಿಲ್ಲ, ಹುಲ್ಲು ಬೇಗ ಒಣಗಿ ಹಳದಿ ಗೆರೆ ಮೂಡುತ್ತದೆ. ಮುಚ್ಚಿದ ಕಂದಕ, ಗುಂಡಿಯ ಮೇಲೆ ತೇವ ಉಳಿದು ಹಸಿರು ತಡವಾಗಿ ಹೋಗುತ್ತದೆ. ನವೆಂಬರ್ ಕೊನೆಯಿಂದ ಸುಮಾರು ಒಂದು ತಿಂಗಳು ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ವಲ್ಪ ಎತ್ತರದ ಬಂಡೆ ಹತ್ತಿ, ಬೆಳಗಿನ ಓರೆ ಬಿಸಿಲಲ್ಲಿ ನೋಡಿ. ಕಾಡಿನ ನಡುವೆ ಒಂದೇ ಕಡೆ ದೇವಗಣಗಿಲೆ, ಹುಣಸೆ, ಹಳೇ ಮಾವು ಗುಂಪಾಗಿದ್ದರೆ ಅವು ನೆಟ್ಟ ಮರಗಳು.

ಗುಡಿಯ ಪಾಯ ಓದುವುದು

ಗೋಡೆಯೆಲ್ಲ ಹೋಗಿ ಮೊಳದೆತ್ತರದ ಪಾಯ ಮಾತ್ರ ಉಳಿದ ಗುಡಿಯನ್ನೂ ಓದಬಹುದು. ಮೊದಲು ಸುತ್ತ ಒಂದು ಬಾರಿ ಸುಮ್ಮನೆ ನಡೆಯಿರಿ. ನೆಲದಿಂದ ಮೇಲಕ್ಕೆ ಉಪಾನ (ಎಲ್ಲಕ್ಕಿಂತ ಕೆಳಗಿನ ಚಪ್ಪಟೆ ಪಟ್ಟಿ), ಜಗತಿ (ಅದರ ಮೇಲಿನ ನೆಟ್ಟನೆ ಪಟ್ಟಿ), ಕುಮುದ (ಹೊರಗೆ ಉಬ್ಬಿದ್ದು), ಗಳ (ಒಳಗೆ ಸರಿದದ್ದು), ಕಪೋತ (ಸೂರಿನಂತೆ ಚಾಚಿದ್ದು) ಎಂಬ ಪಟ್ಟಿಗಳಲ್ಲಿ ಯಾವುದು ಕಾಣುತ್ತದೆ ನೋಡಿ. ಎಲ್ಲ ಗುಡಿಗೂ ಎಲ್ಲ ಪಟ್ಟಿ ಇರುವುದಿಲ್ಲ. ಉಪಾನ ಕಾಣದೆ ಕುಮುದದ ಉಬ್ಬು ನೆಲಕ್ಕೇ ತಾಗಿದ್ದರೆ ಗುಡಿ ಮಣ್ಣಿನಲ್ಲಿ ಹೂತಿದೆ ಎಂದರ್ಥ.

ಆಮೇಲೆ ಪ್ರಣಾಲ ಹುಡುಕಿ. ಅಭಿಷೇಕದ ನೀರು ಹೊರಗೆ ಬೀಳುವ ಕಲ್ಲಿನ ದೋಣಿ ಅದು. ಮೊಳದುದ್ದ, ನಡುವೆ ಕಾಲುವೆ, ತುದಿ ಕೆಲವೊಮ್ಮೆ ಮಕರದ ಬಾಯಿ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಗುಡಿಯಲ್ಲಿ ಅದು ಸಾಮಾನ್ಯವಾಗಿ ಗರ್ಭಗುಡಿಯ ಉತ್ತರ ಗೋಡೆಯಿಂದ ಹೊರಬರುತ್ತದೆ. ಕಾಲುವೆಯ ಇಳಿಜಾರು ನೋಡಿದರೆ ಒಳಗು ಯಾವುದು, ಹೊರಗು ಯಾವುದು ತಿಳಿಯುತ್ತದೆ. ಅಂದರೆ ಕದಲದೆ ಇದ್ದಲ್ಲೇ ಇರುವ ಒಂದು ಪ್ರಣಾಲ ಗರ್ಭಗುಡಿಯ ಜಾಗ ಹೇಳುತ್ತದೆ. ಉಳಿದದ್ದನ್ನು ಹೊಸ್ತಿಲು ಹೇಳುತ್ತದೆ. ಹೊಸ್ತಿಲ ಕಲ್ಲಿನ ಎರಡು ತುದಿಗೆ ಬಾಗಿಲ ತಿರುಗುಣಿ ಕೂರುವ ಗುಂಡು ಕುಳಿಗಳಿರುತ್ತವೆ. ಕುಳಿ ಇರುವ ಮಗ್ಗುಲು ಒಳಗಿನದು, ಅರ್ಧಚಂದ್ರದ ಕಲ್ಲು ಇರುವ ಮಗ್ಗುಲು ಹೊರಗಿನದು. ಇವೆರಡನ್ನು ಗುರುತಿಸಿದ ಮೇಲೆ ಮಂಟಪ ಎಲ್ಲಿತ್ತೆಂದು ನೀವೇ ತೋರಿಸಬಲ್ಲಿರಿ. ಬಾಗಿಲ ಮೇಲಿನ ತೊಲೆ ಬಿದ್ದಿದ್ದರೆ ಅದರ ನಡುವಿನ ಕೆತ್ತನೆ ನೋಡಿ. ಗಜಲಕ್ಷ್ಮಿಯೋ, ಗರುಡನೋ, ಕುಳಿತ ತೀರ್ಥಂಕರನೋ? ಬೋರಲು ಬಿದ್ದಿದ್ದರೆ ಹಾಗೇ ಬಿಡಿ. ಫೋನನ್ನು ಸಂದಿಗೆ ಇಳಿಸಿ ಕೂಡ ಫೋಟೊ ತೆಗೆಯಬೇಡಿ, ಕೈ ಹೋದಲ್ಲಿ ಹಾವಿರುತ್ತದೆ.

ಸಂದಿನಲ್ಲಿ ಬೆಳೆದ ಅರಳಿ, ಬಸರಿ ಗಿಡ ಕೀಳಬೇಡಿ. ಕಲ್ಲನ್ನು ಅಲುಗಿಸಿದ್ದು ಆ ಬೇರೇ, ಈಗ ಹಿಡಿದು ನಿಲ್ಲಿಸಿರುವುದೂ ಆ ಬೇರೇ. ಎಳೆದರೆ ವರಸೆಯೇ ಕುಸಿಯುತ್ತದೆ.

ಅಳತೆ

ಉದ್ದ ಗೋಡೆಯ ಗುಂಟ ಟೇಪು ಹಾಸಿ ಎರಡೂ ತುದಿ ಬಿಗಿ ಮಾಡಿ. ಇದು ಆಧಾರ ರೇಖೆ, ದಿಕ್ಸೂಚಿಯಿಂದ ಅದರ ದಿಕ್ಕು ಬರೆದುಕೊಳ್ಳಿ. ಮೂಲೆಗೆ ಸರಿಯಾದ ಲಂಬ ಬೇಕಾದರೆ 12 ಮೀಟರಿನ ಹಗ್ಗಕ್ಕೆ 3 ಮತ್ತು 7 ಮೀಟರಿನಲ್ಲಿ ಗಂಟು ಹಾಕಿ, ತುದಿಗೆ ತುದಿ ಸೇರಿಸಿ, ಮೂವರು ಮೂರು ಕಡೆ ಎಳೆದರೆ 3, 4, 5 ಮೀಟರಿನ ತ್ರಿಕೋನ ಆಗುತ್ತದೆ. 3ರ ಬದಿ, 4ರ ಬದಿ ಸೇರುವಲ್ಲಿ ಲಂಬ ಕೋನ. ಹೀಗೆ ರೇಖೆಯಿಂದ ಪ್ರತಿ 1 ಮೀಟರಿಗೆ ಗೋಡೆಯ ಅಂಚು ಎಷ್ಟು ದೂರ ಎಂದು ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡಿ.

ಕೊನೆಗೆ ಎರಡು ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಸರಿ. 10 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾದರೆ ಬಹಳ ಸಲ ಕಾರಣ ಒಂದೇ: ಜಾರಿಬಿದ್ದ ಕಲ್ಲನ್ನು ಮೂಲೆಗಲ್ಲೆಂದು ಹಿಡಿದಿರುತ್ತೀರಿ.

ಜಿಪಿಎಸ್ ಗುರುತು ಹಿಡಿಯುವ ಮುನ್ನ ಫೋನನ್ನು ಎರಡು ಮೂರು ನಿಮಿಷ ಅಲುಗದೆ ಇಡಿ. ಐದು ದಶಮಾಂಶ ಸ್ಥಾನದವರೆಗೆ ಬರೆಯಿರಿ. ಐದನೇ ಸ್ಥಾನ ಸುಮಾರು 1 ಮೀಟರಿಗೆ ಸಮ. ಕೊಳ್ಳದ ಒಳಗೆ, ಎತ್ತರದ ಬಂಡೆಯ ಪಕ್ಕ ಸಿಗ್ನಲ್ ಬಂಡೆಗೆ ಬಡಿದು ಬರುವುದರಿಂದ ತೋರಿಸುವ ಜಾಗ ಸಾಕಷ್ಟು ತಪ್ಪಿರುತ್ತದೆ. ಮೂರು ಬಾರಿ ಹಿಡಿದು ಮೂರನ್ನೂ ಬರೆಯಿರಿ.

ಅಕ್ಷರದ ಕಲ್ಲು ಸಿಕ್ಕರೆ

ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಯಾವುದನ್ನೂ ಬಳಿಯಬೇಡಿ. ಗೆರೆ ಎದ್ದು ಕಾಣಲಿ ಎಂದು ಸೀಮೆಸುಣ್ಣ ತಿದ್ದಿದವರು ತಮಗೆ ಕಂಡದ್ದನ್ನು ತಿದ್ದಿರುತ್ತಾರೆ, ಕಲ್ಲಿನಲ್ಲಿದ್ದದ್ದನ್ನಲ್ಲ. ಮುಂದೆ ಓದುವವರು ಆ ತಪ್ಪನ್ನೇ ಓದುತ್ತಾರೆ. ಕಲ್ಲುಹೂವನ್ನು ತಂತಿಬ್ರಶ್ಶಿನಿಂದ ಉಜ್ಜಿದರೆ ಮರಳುಗಲ್ಲಿನ ಮೇಲ್ಪದರವೇ ಬಂದುಬಿಡುತ್ತದೆ. ಒಣ ಎಲೆ, ಧೂಳನ್ನು ಮೆತ್ತನೆ ಬ್ರಶ್ಶಿನಿಂದ ಸರಿಸಿ, ಅಷ್ಟೇ. ಬಂಡೆಚಿತ್ರಗಳಿಗೆ ಅದೂ ಬೇಡ. ನೀರು ಚಿಮುಕಿಸಬಾರದು, ಮುಟ್ಟಬಾರದು, ಪಡಿಯೊಳಗೆ ಬೆಂಕಿ ಹಾಕಬಾರದು.

ಬೇಕಾಗಿರುವುದು ಓರೆ ಬೆಳಕು. ಬೆಳಿಗ್ಗೆ 7ರಿಂದ 9ರ ಒಳಗೆ, ಇಲ್ಲವೇ ಸಂಜೆ ಇಳಿಬಿಸಿಲಲ್ಲಿ. ನೆರಳಿನಲ್ಲಿದ್ದರೆ ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಒತ್ತಿ, ಮೇಲ್ಮೈ ಸವರಿಕೊಂಡು ಹೋಗುವಂತೆ ಬೆಳಕು ಬಿಡಲಿ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದ ನಾಲ್ಕು ಫೋಟೊ. ಎದುರಿನಿಂದ ಕಾಣದ ‘ಸ್ವಸ್ತಿ ಶ್ರೀ’ ಎಡದ ಬೆಳಕಿಗೆ ಒಮ್ಮೆಲೇ ಎದ್ದು ಬರುತ್ತದೆ. ಅಳತೆಪಟ್ಟಿ ಕಲ್ಲಿನ ಪಕ್ಕ ಇರಲಿ, ಅಕ್ಷರದ ಮೇಲೆ ಬೇಡ. ಆಮೇಲೆ ಒಂದರ ಮೇಲೊಂದು ಮುಕ್ಕಾಲು ಪಾಲು ಹೊಂದುವಂತೆ 30-40 ಫೋಟೊ ತೆಗೆದರೆ, ಬಲ್ಲವರು ಅದರಿಂದ ಮೂರು ಆಯಾಮದ ಪ್ರತಿ ಮಾಡಬಲ್ಲರು.

ಶಕ ವರ್ಷ ಓದಲು ಬಂದರೆ 78 ಕೂಡಿಸಿ. ಬಾದಾಮಿ ಕೋಟೆಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಮೇಗುತಿಯ ರವಿಕೀರ್ತಿಯ ಶಾಸನ ಶಕ 556, ಅಂದರೆ 634. ಕಲ್ಲಿನ ತಲೆಯ ಮೇಲೆ ಲಿಂಗ, ಸೂರ್ಯ-ಚಂದ್ರ, ಆಕಳು-ಕರು ಇದ್ದರೆ ದಾನಶಾಸನ ಇರಬೇಕು. ಮೂರು ಅಂತಸ್ತಿನ ಕೆತ್ತನೆ ಇದ್ದರೆ ವೀರಗಲ್ಲು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಮುಂದೆ ಕುಳಿತದ್ದು. ಕೆಳಗಿನ ಅಂತಸ್ತಿನಲ್ಲಿ ದನಗಳಿದ್ದರೆ ತುರುಗೋಳಿನಲ್ಲಿ, ಅಂದರೆ ದನ ಹಿಡಿದೊಯ್ಯುವ ಕಾಳಗದಲ್ಲಿ ಸತ್ತವನು. ಬಳೆ ತೊಟ್ಟ ತೋಳು ಒಂದೇ ಎದ್ದು ನಿಂತಿದ್ದರೆ ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ವಿಜಯಪುರದ ಫಾರ್ಸಿ ಶಾಸನಗಳಲ್ಲಿ ಅಕ್ಷರ ಉಬ್ಬಾಗಿರುತ್ತದೆ, ನಮ್ಮ ಕನ್ನಡ ಶಾಸನಗಳಲ್ಲಿ ಕೊರೆದಿರುತ್ತದೆ.

ಜೀವಕ್ಕೆ ಎರವಾಗುವಂಥವು

ಹಾಳೂರಿನಲ್ಲಿ ಹಾವಿಗಿಂತ ಮೊದಲು ಅಂಜಬೇಕಾದದ್ದು ಹಗೇವಿಗೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಅಗಲ, ಆಳ ಆಳೆತ್ತರಕ್ಕೂ ಹೆಚ್ಚು. ಬಾಯಿಗೆ ಮುಚ್ಚಿದ ಚಪ್ಪಡಿ ಮುರಿದು ಮೇಲೆ ಹುಲ್ಲು ಬೆಳೆದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹೆಜ್ಜೆ ಇಡುವ ಮುಂಚೆ ಕೋಲಿನಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಹಿರಿಯರು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನೀವು ದೀಪ ಉರಿದರೂ ಇಳಿಯಬೇಡಿ. ಬಿದ್ದವರನ್ನು ಎತ್ತಲು ಹಿಂದೆಯೇ ಇನ್ನೊಬ್ಬರು ಇಳಿದರೆ ಎರಡು ಜೀವ ಹೋಗುತ್ತದೆ. 112ಕ್ಕೆ ಕರೆ ಮಾಡಿ. ಪಾಳುಬಾವಿಗೂ ಇದೇ ಮಾತು.

ಕಲ್ಲಿನ ಸಂದು ಉರಿಮಂಡಲ, ಕೊಳಕುಮಂಡಲ, ನಾಗರಹಾವಿನ ಮನೆ. ಕಣ್ಣಿಗೆ ಕಾಣದಲ್ಲಿ ಕೈ ಇಡಬೇಡಿ, ಬಂಡೆ ದಾಟುವಾಗ ಮೊದಲು ಮೇಲೆ ಹತ್ತಿ ಆಚೆ ನೋಡಿ ಇಳಿಯಿರಿ. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇರಿಸಿ, ಹೊತ್ತು ಬರೆದುಕೊಂಡು ಪ್ರತಿವಿಷ ಇರುವ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ, 108 ಕರೆಯಿರಿ. ಬಂಡೆಯ ಚಾಚಿಗೆ ಹೆಜ್ಜೇನು ಕಟ್ಟಿದ್ದರೆ ಆ ಕಡೆಯ ಗುಡಿ ಆ ದಿನ ಬಿಟ್ಟುಬಿಡಿ. ಸೆಂಟು, ಹೊಗೆ, ಡ್ರೋನು ಅವನ್ನು ಕೆರಳಿಸುತ್ತವೆ. ಒಂದೇ ಕಂಬದ ಮೇಲೆ ನಿಂತ ಚಪ್ಪಡಿಯ ಅಡಿ ನೆರಳಿಗೆ ಕೂರಬೇಡಿ.

ಬಂದ ಮೇಲೆ

ಅದೇ ರಾತ್ರಿ ಟಿಪ್ಪಣಿ ಸ್ವಚ್ಛವಾಗಿ ಬರೆಯಿರಿ. ನಾಳೆಗೆ ಯಾವ ಫೋಟೊ ಯಾವ ಮೂಲೆಯದೆಂದು ಮರೆತುಹೋಗುತ್ತದೆ. ಊರು, ತಾಲ್ಲೂಕು, ಸರ್ವೆ ನಂಬರು, ಜಿಪಿಎಸ್, ಕಲ್ಲಿನ ಬಗೆ, ಅಳತೆ, ನಕ್ಷೆ, ಫೋಟೊ ಇಷ್ಟನ್ನು ಎರಡು ಪುಟದಲ್ಲಿ ಜೋಡಿಸಿ ರಾಜ್ಯ ಪುರಾತತ್ತ್ವ ಇಲಾಖೆಗೆ ಕಳಿಸಿ, ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತಲಿನದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಧಾರವಾಡ ವೃತ್ತಕ್ಕೂ ಕಳಿಸಿ. ನಾಣ್ಯ, ಲೋಹದ ಮೂರ್ತಿ ಕಣ್ಣಿಗೆ ಬಿದ್ದರೆ ಮುಟ್ಟದೆ ಫೋಟೊ ತೆಗೆದು, ಪೊಲೀಸರಿಗೂ ಜಿಲ್ಲಾಧಿಕಾರಿ ಕಚೇರಿಗೂ ತಿಳಿಸಿ. ನೂರು ವರ್ಷ ದಾಟಿದ ಮೂರ್ತಿ, ನಾಣ್ಯ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ಪುರಾತನ ವಸ್ತು.

ಜಾಗದ ಗುರುತನ್ನು ಎಲ್ಲರ ಮುಂದೆ ಹರಡಬೇಡಿ. ಫೋನಿನ ಕ್ಯಾಮೆರಾ ಫೋಟೊದೊಳಗೇ ಸ್ಥಳ ಬರೆದಿಡುತ್ತದೆ, ಹಂಚುವ ಪ್ರತಿಯಿಂದ ಅದನ್ನು ಅಳಿಸಿ. ಹಿನ್ನೆಲೆಯಲ್ಲಿ ಗುರುತು ಸಿಗುವ ಗುಡ್ಡದ ತುದಿ ಇದ್ದರೆ ಕತ್ತರಿಸಿ. ಒಳ್ಳೆಯ ಮನಸ್ಸಿನಿಂದ ಹಾಕಿದ ಫೋಟೊ ನಿಧಿಗಳ್ಳರಿಗೆ ದಾರಿ ತೋರಿಸಬಾರದು.

ಮರುವರ್ಷ ಅದೇ ತಿಂಗಳು ಹೋಗಿ, ಅದೇ ಬಂಡೆಯ ಮೇಲೆ ನಿಂತು ಅದೇ ಫೋಟೊ ತೆಗೆಯಿರಿ. ಹಳೆಯದರ ಪಕ್ಕ ಇಟ್ಟು ಕಲ್ಲು ಕಲ್ಲಾಗಿ ಹೋಲಿಸಿ. ಲಿಂಗದ ಪೀಠ ಓರೆಯಾಗಿದೆಯೇ, ಹೊಸ ಮಣ್ಣಿನ ಗುಡ್ಡೆ ಇದೆಯೇ, ಕುಂಕುಮ ಬಳಿದ ಲಿಂಬೆಹಣ್ಣು ಬಿದ್ದಿವೆಯೇ ನೋಡಿ. ಇದ್ದರೆ ಮುಂದೆ ಹೋಗಬೇಡಿ. ಅಗೆದವರು ಅಲ್ಲೇ ಹತ್ತಿರ ಇರಬಹುದು. ದೂರದಿಂದಲೇ ಒಂದು ಫೋಟೊ ತೆಗೆದು, ಕೆಳಗಿಳಿದು, ಸಿಗ್ನಲ್ ಸಿಕ್ಕೊಡನೆ 112ಕ್ಕೂ ಬೀಟ್ ಗಾರ್ಡಿಗೂ ಕರೆ ಮಾಡಿ ಸರ್ವೆ ನಂಬರು ಹೇಳಿ.